ಹಲ್ಲಿನ ಕಾವಲುಗಾರನೂ ಚಕ್ಕೋತವೂ

ಚೌಡಪ್ಪ ಬಾಯಿ ಮುಕ್ಕಳಿಸಿ ಹಾಸಿಗೆಗೆ ಬರುವಷ್ಟರಲ್ಲಿ, ಅವನ ದವಡೆ ಹಲ್ಲಿಗೆ ಅಂಟಿಸಿದ್ದ ರುಚಿಪ್ರಹರಿ ತನ್ನ ಕೆಲಸ ಮುಗಿಸಿತ್ತು. ಅಕ್ಕಿಕಾಳಿನಷ್ಟು ಚಿಕ್ಕ ಸಾಧನ. ತಿಂದದ್ದು, ಕುಡಿದದ್ದನ್ನೆಲ್ಲ ಅದು ರುಚಿಯಿಂದಲೇ ಗುರುತಿಸುತ್ತಿತ್ತು. ನಿದ್ರೆಯ ಮಾತ್ರೆಯೊಂದಿಗೆ ಸೇರಬಾರದ್ದು ಬಾಯಲ್ಲಿದ್ದರೆ ಮಾತ್ರೆಯ ಡಬ್ಬಿ ತೆರೆಯುತ್ತಲೇ ಇರಲಿಲ್ಲ. ರಾತ್ರಿಯಿಡೀ ವಿಮಾನ ನಿಲ್ದಾಣದ ರೈಲು ಓಡಿಸಿ ಹಗಲಲ್ಲಿ ಮಲಗಬೇಕಾದ ಚೌಡಪ್ಪ ಅದನ್ನು ಪೂರ್ತಿ ನಂಬಿದ್ದ. ಡಬ್ಬಿಯ ಹಸಿರು ದೀಪ ಹೊತ್ತಿತು, ಮುಚ್ಚಳ ತೆರೆಯಿತು. ಮಾತ್ರೆ ನುಂಗಿ ಮಲಗಿದ.

ಮಧ್ಯಾಹ್ನ ಹೆಂಡತಿ ಮುನಿರತ್ನ ಊಟಕ್ಕೆ ಎಬ್ಬಿಸಲು ಬಂದಳು.

"ಏನ್ರೀ, ಏಳ್ರೀ. ಮುದ್ದೆ ಆರೋಯ್ತದೆ."

ಅವನು ಮಿಸುಕಲಿಲ್ಲ. ಭುಜ ಹಿಡಿದು ಅಲುಗಾಡಿಸಿದರೆ ತಲೆ ದಿಂಬಿನಿಂದ ಜಾರಿ ವಾಲಿತು. ತುಟಿ ನೀಲಿಗಟ್ಟಿತ್ತು. ಉಸಿರು ಒಮ್ಮೆ ಬಂದರೆ ಇನ್ನೊಮ್ಮೆ ಬರುವುದೋ ಇಲ್ಲವೋ ಎನ್ನುವಷ್ಟು ಹೊತ್ತು ನಿಂತುಬಿಡುತ್ತಿತ್ತು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು.

ಆಂಬುಲೆನ್ಸಿಗೆ ಫೋನ್ ಮಾಡಿ, ಡಬ್ಬಿಯ ಮೇಲಿದ್ದ ತುರ್ತು ಕರೆಯ ಕೆಂಪು ಗುಂಡಿ ಒತ್ತಿದಳು. ಸಾಧನ ಇನ್ನೂ ಪ್ರಯೋಗದ ಹಂತದಲ್ಲಿದ್ದುದರಿಂದ, ಅದನ್ನು ರೂಪಿಸಿದ ವಿಜ್ಞಾನಿ ಡಾ. ಸುಮಿತ್ರಾ ಹೆಬ್ಬಾರ್ ಅವರೇ ಮಾತಿಗೆ ಸಿಕ್ಕರು.

"ಅವರನ್ನ ಒಂದು ಮಗ್ಗುಲಿಗೆ ತಿರುಗಿಸಿ. ಉಸಿರು ನೋಡ್ತಾ ಇರಿ. ಕುಡಿದಿದ್ರಾ?"

"ದೇವ್ರಾಣೆ ಇಲ್ಲ ಮೇಡಂ."

"ಏನು ತಿಂದಿದ್ರು?"

"ಇವತ್ತು ಇಡ್ಲಿ ಅಷ್ಟೇ. ನೆನ್ನೆ ನಮ್ಮಮ್ಮ ಕಳ್ಸಿದ್ ಚಕ್ಕೋತ ಬಿಡಿಸ್ಕೊಟ್ಟಿದ್ದೆ. ಪೂರಾ ತಿಂದ್ರು."

"ಅಯ್ಯೋ, ಚಕ್ಕೋತನಾ?"

"ಹಣ್ಣಲ್ವಾ ಮೇಡಂ? ಹಣ್ಣು ಏನ್ ಮಾಡ್ತದೆ?"

"ಈ ಮಾತ್ರೆಯ ಶಕ್ತಿ ತಗ್ಗಿಸೋ ಕಿಣ್ವ ಒಂದು ಕರುಳಲ್ಲಿದೆ. ಚಕ್ಕೋತ ಅದನ್ನ ಕಟ್ಟಿಹಾಕುತ್ತೆ. ಆಗ ಒಂದು ಮಾತ್ರೆ ನುಂಗಿದ್ರೂ ಹಲವು ನುಂಗಿದ ಹಾಗೆ. ರುಚಿ ಬಾಯಿಂದ ಹೋದ್ರೂ ಕರುಳಲ್ಲಿ ಅದರ ಪ್ರಭಾವ ಮರುದಿನವೂ ಇರುತ್ತೆ. ನಮ್ಮ ಸಾಧನ ಆ ಹೊತ್ತಿನ ಬಾಯಿ ಮಾತ್ರ ನೋಡ್ತು, ನೆನ್ನೆ ತಿಂದದ್ದನ್ನ ಲೆಕ್ಕಕ್ಕೆ ಹಿಡೀಲಿಲ್ಲ. ತಪ್ಪು ನಮ್ಮದಮ್ಮ, ನಿಮ್ಮದಲ್ಲ."

ಮುನಿರತ್ನಳಿಗೆ ಕೊನೆಯ ಮಾತು ಕೇಳಿಸಲಿಲ್ಲ. ತೊಳೆ ಬಿಡಿಸಿಕೊಟ್ಟ ತನ್ನ ಕೈಗಳನ್ನೇ ನೋಡುತ್ತಿದ್ದಳು. ಹೊರಗೆ ಆಂಬುಲೆನ್ಸ್ ಬಂದು ನಿಂತಿತು.

ಚೌಡಪ್ಪ ಬದುಕಿಕೊಂಡ. ಮನೆಗೆ ಬಂದ ಮೇಲೆ ಮಾತ್ರೆ ಮುಟ್ಟಲಿಲ್ಲ. ಅವನು ಮಲಗಿದರೆ ಮುನಿರತ್ನ ಅವನ ಎದೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಆ ಕೈಯ ಬಿಸುಪಿಗೆ ಅವನಿಗೆ ಮದ್ದಿಲ್ಲದೆಯೇ ನಿದ್ದೆ ಹತ್ತತೊಡಗಿತು. ನಿದ್ದೆ ಕಳೆದುಕೊಂಡವಳು ಅವಳು.

ತಿದ್ದಿದ ಸಾಧನವನ್ನು ತೋರಿಸಲು ಬಂದ ಡಾ. ಹೆಬ್ಬಾರ್, ಮಲಗಿದ್ದ ಚೌಡಪ್ಪನ ಪಕ್ಕ ಕೂತಿದ್ದ ಅವಳ ಗುಳಿಬಿದ್ದ ಕಣ್ಣು ನೋಡಿ ಬೆಚ್ಚಿದರು.

"ಈಗ ಅಪಾಯವಿಲ್ಲ. ನಿಮಗೂ ಒಂದು ಹಾಕಿಸ್ಲಾ? ಮಾತ್ರೆ ತಗೊಂಡು ಮಲಗಬಹುದು."

"ನಾನ್ ಮಲ್ಗಿದ್ರೆ ಇವ್ರ ಉಸಿರು ಯಾರ್ ನೋಡ್ತಾರೆ ಮೇಡಂ?"

ಡಾಕ್ಟರು ಸಾಧನವನ್ನು ಚೀಲಕ್ಕೆ ಹಾಕಿ, ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು. "ನೀವು ಮಲಗಿ. ನಾನು ನೋಡ್ತೀನಿ."

ಮುನಿರತ್ನ ಅನುಮಾನದಿಂದಲೇ ಚಾಪೆ ಹಾಸಿ ಉರುಳಿಕೊಂಡಳು. ರೆಪ್ಪೆ ಅಂಟುತ್ತಿದ್ದಂತೆ ಗಾಬರಿಯಿಂದ ಮತ್ತೆ ಕಣ್ತೆರೆದಳು.

"ಆಕಡೆ ಈಕಡೆ ನೋಡ್ಬೇಡಿ ಮೇಡಂ," ಎಂದಳು.