ಇಪ್ಪತ್ತನಾಲ್ಕನೇ ಪೋರ್ಟ್

“ಆ ಕೇಬಲ್ ಮುಟ್ಬೇಡಿ!”

ವಂದನಾ ಬಾಗಿಲಲ್ಲೇ ಕೂಗಿದಳು. ಯಲಹಂಕದ ಕಾಲೇಜಿನ ಸರ್ವರ್ ರೂಮಿನಲ್ಲಿ ಅಪರಿಚಿತನೊಬ್ಬ ಅವಳ ಸ್ವಿಚ್ಚಿನ ಮುಂದೆ ಮಂಡಿಯೂರಿ ಕೂತಿದ್ದ. ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲಿನಿಂದ ಜೋಡಿಸುವ ಆ ಪೆಟ್ಟಿಗೆಯನ್ನು ಆರು ವರ್ಷದಿಂದ ಅವಳೊಬ್ಬಳೇ ನೋಡಿಕೊಂಡು ಬಂದಿದ್ದಳು.

“ಮುಟ್ಟಿಲ್ಲ ಮೇಡಂ, ಲೈಟ್ ನೋಡ್ತಿದ್ದೆ. ನಾನು ಸಮರ್ಥ, ನೆಟ್‌ವರ್ಕ್ ಕಂಪನಿಯಿಂದ ಬಂದಿದ್ದೀನಿ. ನೆಟ್‌ವರ್ಕ್ ಚೆಕ್ ಮಾಡಿ ರಿಪೋರ್ಟ್ ಕೊಡಿ ಅಂತ ಪ್ರಿನ್ಸಿಪಾಲ್ ಕರೆಸಿದ್ರು.”

ಹೋದ ತಿಂಗಳ ಆನ್‌ಲೈನ್ ಪರೀಕ್ಷೆಯಲ್ಲಿ ನೆಟ್ ಕೈಕೊಟ್ಟಿತ್ತು. ನಾಳಿದ್ದು ಶನಿವಾರ ಇನ್ನೊಂದು ಪರೀಕ್ಷೆ. ನೆಟ್‌ವರ್ಕ್ ನೋಡಿಕೊಳ್ಳುವ ಅವಳ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುವ ಯೋಚನೆ ಇದೆಯೆಂದು ಪ್ರಿನ್ಸಿಪಾಲ್ ವೆಂಕಟರಾಮಯ್ಯ ಹೇಳಿಬಿಟ್ಟಿದ್ದರು.

‘ನನ್ನ ಕುರ್ಚಿ ಅಳತೆ ಮಾಡೋಕೆ ಬಂದಿದ್ದಾನೆ...’

ಪಾಸ್‌ವರ್ಡ್ ಕೊಡುವಾಗ ಎಚ್ಚರಿಸಿದಳು. “ಕೇಬಲ್ ಸಿಕ್ಕಿಸೋ ಪ್ರತಿ ಪೋರ್ಟಿಗೂ ಸ್ವಿಚ್ಚೊಳಗೆ ಹೆಸರು ಟೈಪ್ ಮಾಡಿಟ್ಟಿದ್ದೀನಿ. ಪರೀಕ್ಷೆ ಆದ್ಮೇಲೆ ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ಓದ್ತೀನಿ. ಏನ್ ಬದಲಾಗಿದ್ರೂ ಗೊತ್ತಾಗತ್ತೆ.”

ಆಮೇಲೆ ಕಾಫಿ ತರಿಸಿದಳು. ಒಂದೇ ಲೋಟ, ತನಗೆ ಮಾತ್ರ.

ಸಮರ್ಥ ಅದಕ್ಕೆ ಮುಖ ಚಿಕ್ಕದು ಮಾಡಿಕೊಳ್ಳಲಿಲ್ಲ. ಸ್ಕ್ರೀನ್ ತೋರಿಸಿ ಕೇಳಿದ. “ಲೋಡ್ ಹಂಚ್ಕೊಳ್ಲಿ ಅಂತ ಲ್ಯಾಬಿಂದ ಎರಡು ಕೇಬಲ್ ಎಳೆದಿದ್ದೀರಿ. ಒಂದು ಒದ್ದಾಡ್ತಿದೆ, ಇನ್ನೊಂದು ಸುಮ್ನೆ ಕೂತಿದೆ. ಯಾಕಿರ್ಬಹುದು?”

“ಗೊತ್ತಿದ್ರೆ ನಿಮ್ಮನ್ಯಾಕೆ ಕರೆಸ್ತಿದ್ರು?”

ಸಿಡುಕಿದಳೇನೋ ನಿಜ, ಆದರೆ ಕಣ್ಣು ಸ್ಕ್ರೀನ್ ಬಿಟ್ಟು ಕದಲಲಿಲ್ಲ. ಕಾಫಿ ಆರಿಹೋಯಿತು.

“ಸ್ವಿಚ್ಚು ಡೇಟಾ ಎಲ್ಲಿಗೆ ಹೋಗ್ಬೇಕು ಅಂತ ನೋಡಿ ಕೇಬಲ್ ಆರಿಸ್ತಿದೆ,” ಎಂದಳು ಮೆಲ್ಲಗೆ. “ಲ್ಯಾಬಿನ ಇನ್ನೂರು ಕಂಪ್ಯೂಟರಿಂದಲೂ ಹೋಗೋದು ಪರೀಕ್ಷೆಯ ಒಂದೇ ಸರ್ವರಿಗೆ. ಅದಕ್ಕೇ ಎಲ್ಲಾ ಒಂದೇ ಕೇಬಲ್ ಮೇಲೆ ಬೀಳ್ತಿದೆ. ಎಲ್ಲಿಂದ ಬಂತು ಅಂತ ನೋಡಿ ಹಂಚೋ ಹಾಗೆ ಮಾಡಿದ್ರೆ...”

“ಮಾಡಿ,” ಎಂದು ಕೀಬೋರ್ಡನ್ನು ಅವಳತ್ತ ಸರಿಸಿದ.

ಒಂದೇ ಸಾಲು ಬದಲಾಯಿಸಬೇಕಿತ್ತು. ಎರಡನೇ ಕೇಬಲ್ಲಿನ ಲೈಟೂ ಪಟಪಟನೆ ಮಿನುಗತೊಡಗಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಇನ್ನೇನೋ ಸ್ವಲ್ಪ ಟೈಪ್ ಮಾಡಿ, ಬ್ಯಾಗ್ ಎತ್ತಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ನಡೆದ.

ಅವಳ ನಗು ಅಲ್ಲೇ ನಿಂತಿತು. ‘ನನ್ನ ತಪ್ಪನ್ನ ನನ್ನ ಬಾಯಿಂದಲೇ ಹೇಳಿಸ್ಕೊಂಡು ವರದಿ ಒಪ್ಪಿಸೋಕೆ ಹೋದ!’

ಶನಿವಾರದ ಪರೀಕ್ಷೆ ಒಂದು ಕ್ಷಣವೂ ನಿಲ್ಲದೆ ಮುಗಿಯಿತು. ಪ್ರಿನ್ಸಿಪಾಲ್ ಕರೆಸಿದರು. ಅವರು ಕೊಟ್ಟ ಸಮರ್ಥನ ವರದಿಯನ್ನು ವಂದನಾ ಓದಿದಳು. ‘ದೋಷ ಹುಡುಕಿ ಸರಿಪಡಿಸಿದವರು ವಂದನಾ. ಇವರಿರುವಾಗ ಹೊರಗಿನವರ ಅಗತ್ಯವಿಲ್ಲ.’

“ಕೈಗೆ ಬಂದ ಕಾಂಟ್ರಾಕ್ಟ್ ಬೇಡ ಅಂದವನನ್ನ ಇದೇ ಮೊದಲು ನೋಡಿದ್ದು ಕಣಮ್ಮ,” ಎಂದರು ವೆಂಕಟರಾಮಯ್ಯ. “ನಿನ್ನ ಕೆಲಸ ನಿನ್ನದೇ, ಹೋಗು.”

ಒಂದು ಲೋಟ ಕಾಫಿ ಕೊಡಲಿಲ್ಲವಲ್ಲ ನಾನು... ಕಣ್ಣೊರೆಸಿಕೊಂಡು ಪದ್ಧತಿಯಂತೆ ಪೋರ್ಟುಗಳನ್ನು ಓದಲು ಕೂತಳು. ‘ಖಾಲಿ’ ಎಂದು ಬರೆದಿದ್ದ ಇಪ್ಪತ್ತನಾಲ್ಕನೆಯದಕ್ಕೆ ಹೊಸ ಹೆಸರಿತ್ತು.

‘ಭಾನುವಾರ ಸಂಜೆ ಐದಕ್ಕೆ, ಕೊಡಿಗೇಹಳ್ಳಿ ಬಸ್ ಸ್ಟಾಪ್, ಎರಡು ಲೋಟ ಕಾಫಿ.’

ಭಾನುವಾರ ಅವಳು ಕಾಲು ಗಂಟೆ ಮೊದಲೇ ಹೋದಳು. ಅವನು ಆಗಲೇ ಬಂದು ಪಕ್ಕದ ಅಂಗಡಿಯಿಂದ ಎರಡು ಲೋಟ ಕಾಫಿ ತಂದಿಟ್ಟಿದ್ದ.

“ಕಾಂಟ್ರಾಕ್ಟ್ ಬಿಟ್ಟಿದ್ದಕ್ಕೆ ಆಫೀಸಲ್ಲಿ ಬೈಸ್ಕೊಂಡ್ರಾ?” ಎಂದು ಕೇಳಿದಳು.

“ಚೆನ್ನಾಗೇ. ಆದ್ರೆ ಸಿಡುಕ್ತಾನೇ ತಪ್ಪು ಹುಡುಕಿದ್ರಲ್ಲ, ಆಗ್ಲೇ ನೀವು ನಂಗೆ ತುಂಬಾ ಇಷ್ಟ ಆಗ್ಬಿಟ್ರಿ.”

ವಂದನಾ ಕೆಂಪಾದಳು. “ಬೇರೆಯವರ ಸ್ವಿಚ್ಚಲ್ಲಿ ಕೇಳ್ದೆ ಹೆಸರು ಬರೆಯೋದು ತಪ್ಪು, ಗೊತ್ತಾ?”

“ಅಳಿಸಿಬಿಟ್ರಾ?”

“ಇಲ್ಲ...” ಅವಳು ಅವನ ಲೋಟವನ್ನು ತಾನೇ ಎತ್ತಿಕೊಟ್ಟಳು. “ಸೇವ್ ಮಾಡಿ ಬಂದೆ.”