ಸುಮ್ಮನೆ ಕೂತ ಕಂಪ್ಯೂಟರ್

"ನಾನಲ್ಲಮ್ಮ! ನಾನು ಏನೂ ಮಾಡಿಲ್ಲ! ಬೆಳಗ್ಗೆಯಿಂದ ಅದರ ಹತ್ರಾನೂ ಹೋಗಿಲ್ಲ, ಬೇಕಾದ್ರೆ ಅಜ್ಜೀನ ಕೇಳು!"

ಜೀರುಂಡೆ ಒಂದೇ ಉಸಿರಿಗೆ ಹೇಳಿದಳು. ಮನೆಯವರು ಅವಳಿಗೆ ಆ ಹೆಸರಿಟ್ಟದ್ದೇ ಅದಕ್ಕೆ. ಎದ್ದಾಗ ತೆರೆದ ಬಾಯಿ ಮಲಗಿದಾಗಲೇ ಮುಚ್ಚುವುದು. ಹೊಟ್ಟೆಯಲ್ಲಂತೂ ಒಂದು ಮಾತೂ ನಿಲ್ಲುವುದಿಲ್ಲ.

ಅಮ್ಮ ಮೌಸನ್ನು ಟಕಟಕ ಒತ್ತಿದಳು. ಅಂಗಡಿಗಳ ಬೋರ್ಡು ಡಿಸೈನ್ ಮಾಡುವುದು ಅವಳ ಕೆಲಸ. ಬೇಕರಿಯ ಬೋರ್ಡು ನಾಳೆಯೇ ಪ್ರಿಂಟಿಗೆ ಹೋಗಬೇಕು. ಆದರೆ 'ಬಿಸಿ ಬಿಸಿ' ಅಂತ ಬರೆದಲ್ಲಿಗೆ ಕಂಪ್ಯೂಟರ್ ತಣ್ಣಗಾಗಿತ್ತು. ಬ್ರೆಡ್ಡು ಬರಲೇ ಇಲ್ಲ.

"ಸರಿಯಮ್ಮ, ನಾನು ನೋಡ್ತೀನಿ," ಎಂದು ಅಣ್ಣ ದೊಡ್ಡ ಡಾಕ್ಟರನ ಹಾಗೆ ಕುರ್ಚಿ ಎಳೆದುಕೊಂಡ. ತೆರೆದಿದ್ದನ್ನೆಲ್ಲ ಮುಚ್ಚಿದ. ಮೆಮೊರಿ ಎಷ್ಟು ತುಂಬಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ. "ನೋಡಿಲ್ಲಿ! ಒಂದೂ ಓಪನ್ ಇಲ್ಲ, ಕಂಪ್ಯೂಟರ್ ಸುಮ್ನೆ ಕೂತಿದೆ. ಆದ್ರೂ ಮೆಮೊರಿ ಎಂಬತ್ತೈದು ಪರ್ಸೆಂಟ್! ಇದೆಲ್ಲ ಇವಳ ಕಾರ್ಟೂನಿಂದೇ ಕೆಲಸ."

"ಸುಳ್ಳು!"

"ಸಾಕು," ಅಮ್ಮ ಅಳತೆ ಟೇಪನ್ನು ಚೀಲಕ್ಕೆ ಹಾಕಿಕೊಂಡಳು. "ಬೇಕರಿಗೆ ಹೋಗಿ ಗೋಡೆ ಅಳತೆ ತಗೊಂಡು ಬರ್ತೀನಿ. ಅಷ್ಟರಲ್ಲಿ ಇದು ಸರಿ ಹೋಗದಿದ್ರೆ ಇನ್ಮೇಲೆ ನಿನ್ನ ಕಾರ್ಟೂನ್ ಬಂದ್." ಕಡ್ಡಿ ಮುರಿದ ಹಾಗೆ ಹೇಳಿ ಹೊರಟೇಬಿಟ್ಟಳು. ಅಣ್ಣನೂ ಫುಟ್‌ಬಾಲ್ ಎತ್ತಿಕೊಂಡು ಓಡಿದ.

ಜೀರುಂಡೆಗೆ ಅಳುವೇ ಬಂತು. ಅವಳು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ ಕಾರ್ಟೂನಿನಲ್ಲಿ ಒಂದು ಬೆಕ್ಕು ರಸ್ತೆ ದಾಟುತ್ತದೆ. ಸೋಮವಾರ ಕ್ಲಾಸಿನಲ್ಲಿ ತೋರಿಸಬೇಕು. ಬೆಕ್ಕು ಇನ್ನೂ ನಡುರಸ್ತೆಯಲ್ಲಿದೆ, ಎದುರಿಗೆ ಲಾರಿ ಬರುತ್ತಿದೆ. ಹಾಗೇ ಬಿಟ್ಟರೆ ಅದರ ಗತಿ?

ಮೆಮೊರಿ ತುಂಬಿದ್ದರೆ ಖಾಲಿ ಮಾಡಿದರಾಯಿತು ಎಂದುಕೊಂಡು ಅವಳು ತನ್ನ ಹಳೆಯ ಚಿತ್ರಗಳನ್ನು ಅಳಿಸತೊಡಗಿದಳು. ಮೂರು ಕಣ್ಣಿನ ಆನೆ ಹೋಯಿತು. ಹಾರುವ ಚಪ್ಪಲಿ ಹೋಯಿತು. ಎಂಬತ್ತೈದು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೊನೆಗೆ ಉಳಿದದ್ದು ಬೆಕ್ಕು. ಅವಳ ಬೆರಳು ಡಿಲೀಟ್‌ವರೆಗೆ ಹೋಗಿ ವಾಪಸ್ ಬಂತು. ಊಹೂಂ, ಆಗಲಿಲ್ಲ.

"ಅಜ್ಜೀ..." ಎಂದು ಒಳಗೋಡಿದಳು.

ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಊಟವಾದ ಮೇಲೆ ಅವಳದು ಅದೇ ಜಾಗ, ಅದೇ ಭಂಗಿ.

"ಅಜ್ಜಿ, ಏನೂ ಕೆಲಸ ಮಾಡದೆ ಸುಮ್ನೆ ಕೂತಿರೋ ಕಂಪ್ಯೂಟರಿನ ತಲೆ ಯಾಕೆ ತುಂಬಿರುತ್ತೆ?"

"ನಾನೀಗ ಏನು ಮಾಡ್ತಿದೀನಿ?" ಅಜ್ಜಿ ಕಣ್ಣು ತೆರೆಯಲಿಲ್ಲ.

"ಸುಮ್ನೆ ಕೂತಿದೀಯ."

"ನೋಡ್ದೆಯಾ! ಒಲೆ ಮೇಲೆ ಹಾಲಿದೆ, ಇನ್ನೇನು ಉಕ್ಕುತ್ತೆ, ಹೋಗಿ ಆರಿಸು. ಪಕ್ಕದ ಮನೆಯವರ ಬೀಗದ ಕೈ ಸಕ್ಕರೆ ಡಬ್ಬದ ಹಿಂದೆ ಇದೆ. ನಿಮ್ಮಮ್ಮ ಕನ್ನಡಕ ಫ್ರಿಜ್ ಮೇಲಿಟ್ಟು ಮರೆತು ಹೋಗಿದಾಳೆ. ನಿನ್ನ ಇನ್ನೊಂದು ಸಾಕ್ಸು ಸೋಫಾ ಕೆಳಗಿದೆ. ಯಾವಾಗ ಯಾರು ಬಂದು ಏನು ಕೇಳ್ತಾರೋ! ಆಗ ಹುಡುಕ್ತಾ ಕೂರೋಕಾಗುತ್ತಾ?"

ಜೀರುಂಡೆ ಅಡುಗೆಮನೆಗೆ ಓಡಿ ಒಲೆ ಆರಿಸಿದಳು. ಹಾಲು ಅಂಚಿಗೆ ಬಂದಿತ್ತು. ಕನ್ನಡಕವೂ ಫ್ರಿಜ್ ಮೇಲೇ ಇತ್ತು.

"ತಲೇಲಿ ಏನೇನಿದೆ ಅಂತ ಅದನ್ನೇ ಕೇಳ್ಬಾರ್ದಾ? ನನ್ನ ಕೇಳಿದ ಹಾಗೆ," ಎಂದಳು ಅಜ್ಜಿ.

ಹೌದಲ್ಲ! ಜೀರುಂಡೆ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಟಾಸ್ಕ್ ಮ್ಯಾನೇಜರಿನಲ್ಲಿ 'ಮೆಮೊರಿ' ಅನ್ನುವ ಪದದ ಮೇಲೆ ಕ್ಲಿಕ್ ಮಾಡಿದಳು. ಹೆಸರುಗಳೆಲ್ಲ ದಡಬಡ ಜಾಗ ಬದಲಿಸಿದವು. ಹೆಚ್ಚು ಮೆಮೊರಿ ತಿನ್ನುವವು ಮೇಲೆ ಬಂದವು.

ಕೆಳಗೆ ವಿಂಡೋಸಿನ ಚಿಲ್ಲರೆ ಕೆಲಸಗಳು ಬೇಕಾದಷ್ಟಿದ್ದವು. ಒಂದು ಪ್ರಿಂಟರಿಗಾಗಿ ಕಾಯುತ್ತಿತ್ತು, ಒಂದು ವೈರಸ್ ನುಗ್ಗದಂತೆ ಕಾವಲು ಕೂತಿತ್ತು. ಅವು ಸಕ್ಕರೆ ಡಬ್ಬದ ಹಿಂದಿನ ಬೀಗದ ಕೈ ಇದ್ದಂತೆ, ಇರಲಿ ಎಂದುಕೊಂಡಳು. ಆದರೆ ಎಲ್ಲಕ್ಕಿಂತ ಮೇಲೆ ಕೂತಿದ್ದವು ಮೂರು. ಕಾರ್ ರೇಸ್. ಫುಟ್‌ಬಾಲ್ ಗೇಮ್. ಗೇಮ್ ಆಡುವವರು ಹರಟೆ ಹೊಡೆಯುವ ಆ್ಯಪ್. ಬೆಕ್ಕು ಲಿಸ್ಟಿನಲ್ಲೇ ಇರಲಿಲ್ಲ!

ಪರೀಕ್ಷೆ ಮುಗಿಯುವವರೆಗೆ ಗೇಮ್ ಮುಟ್ಟಕೂಡದು ಎಂದು ಅಮ್ಮ ಅಣ್ಣನಿಗೆ ಹೇಳಿ ತಿಂಗಳಾಗಿತ್ತು.

ಅಷ್ಟರಲ್ಲಿ ಅಣ್ಣ ಬೆವರೊರೆಸುತ್ತ ಬಂದ. ಪರದೆ ನೋಡಿದ್ದೇ ಅವನ ಮುಖ ಬಿಳಿಚಿಕೊಂಡಿತು.

"ನಾನು... ನಾನು ಇವತ್ತು ಆಡೇ ಇಲ್ಲ!"

"ನೀನು ಆಡಿದೆ ಅಂತ ಯಾರಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೋತೀಯಲ್ಲ!"

ಅಣ್ಣ ಪಕ್ಕದಲ್ಲಿ ಕೂತು ಏನೋ ಒತ್ತಿದ. ಕಂಪ್ಯೂಟರ್ ಆನ್ ಆದ ತಕ್ಷಣ ತಾವಾಗಿಯೇ ಎದ್ದು ಕೂರುವವರ ಪಟ್ಟಿ ಬಂತು. ಅವನ ಮೂರೂ ಅದರಲ್ಲಿದ್ದವು. "ಕ್ಲೋಸ್ ಮಾಡಿದ್ರೆ ಹೋಗುತ್ತೆ ಅಂದ್ಕೊಂಡಿದ್ದೆ ಕಣೆ. ಒಳಗೊಳಗೇ ಕೂತಿವೆ ಅಂತ ಗೊತ್ತಿರ್ಲಿಲ್ಲ, ನಿಜವಾಗ್ಲೂ." ಮೂರನ್ನೂ ನಿಲ್ಲಿಸಿ ರೀಸ್ಟಾರ್ಟ್ ಮಾಡಿದ.

ನಲವತ್ತೆರಡು ಪರ್ಸೆಂಟ್.

"ಇನ್ನೂ ಸೊನ್ನೆ ಆಗ್ಲಿಲ್ವಲ್ಲ," ಎಂದ ಅಣ್ಣ.

"ಅಷ್ಟು ಇರ್ಲೇಬೇಕು ಕಣೋ. ಯಾವಾಗ ಯಾರು ಬಂದು ಏನು ಕೇಳ್ತಾರೋ!"

ಅಣ್ಣ ನಗಲಿಲ್ಲ. "ಅಮ್ಮಂಗೆ ಹೇಳ್ತೀಯಾ?" ಎಂದ ಸಣ್ಣ ದನಿಯಲ್ಲಿ.

ಬಾಗಿಲು ಸದ್ದಾಯಿತು. ಅಮ್ಮ ಬಂದು ಕೂತು ಬೋರ್ಡು ತೆರೆದಳು. 'ಬಿಸಿ ಬಿಸಿ'ಯ ಪಕ್ಕಕ್ಕೆ ಬ್ರೆಡ್ಡು ಬಂತು, ಅದರ ಮೇಲೆ ಹಬೆಯೂ ಬಂತು.

"ಅರೆ, ಸರಿಹೋಯ್ತಲ್ಲ! ಏನಾಗಿತ್ತು?"

ಜೀರುಂಡೆಯ ನಾಲಿಗೆ ತುದಿಯಲ್ಲಿ ಮೂರೂ ಹೆಸರು ಬಂದು ನಿಂತವು. ಅವಳು ಅಣ್ಣನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬೆಕ್ಕಿನ ತಪ್ಪಲ್ಲಮ್ಮ," ಎಂದಳು. ಅಷ್ಟೇ ಹೇಳಿ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಹೋಗಿ ಕೂತಳು.

"ಅಜ್ಜಿ," ಎಂದು ಪಿಸುಗುಟ್ಟಿದಳು, "ಅಣ್ಣ ಗೇಮ್ ಆಡೋದು ನಿಂಗೆ ಗೊತ್ತಿತ್ತಾ?"

"ನೀವ್ಯಾರೂ ಇಲ್ಲದಾಗ ಆ ರೂಮಿಂದ ಕಾರು ಓಡೋ ಸದ್ದು ಬರ್ತಿತ್ತು. ಮನೆಯೊಳಗೆ ಕಾರು ಎಲ್ಲಿಂದ ಬರ್ಬೇಕು?"

"ಮತ್ತೆ ಯಾಕೆ ಹೇಳ್ಲಿಲ್ಲ? ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬೀಳ್ತಿತ್ತಲ್ಲ!"

"ನಿಂಗೆ ಬರೆ ಬೀಳೋಕೆ ಬಿಡ್ತಿದ್ನಾ? ಅವನೇ ಹೇಳ್ತಾನಾ ನೋಡೋಣ ಅಂತ ಸುಮ್ನೆ ಕೂತಿದ್ದೆ."

ಜೀರುಂಡೆ ತುಟಿ ಬಿಗಿಹಿಡಿದು ಕೂತಳು. ಮಾತು ಗಂಟಲವರೆಗೆ ಬಂದು ಬಂದು ಹೋಗುತ್ತಿತ್ತು.

ಆ ರೂಮಿನಿಂದ ಅಮ್ಮ ಇಣುಕಿದಳು. "ಏನೇ, ಜ್ವರ ಗಿರ ಬಂತಾ? ನಿನ್ನ ಬೆಕ್ಕನ್ನ ರಸ್ತೆ ದಾಟಿಸೋಕೆ ಆಮೇಲೆ ಕಂಪ್ಯೂಟರ್ ಕೊಡ್ತೀನಿ. ಯಾಕೆ ಹಾಗೆ ಕೂತಿದೀಯ?"

"ಏನಿಲ್ಲಮ್ಮ. ಸುಮ್ನೆ."

ಅಜ್ಜಿ ಕಣ್ಣು ಮುಚ್ಚಿಕೊಂಡೇ ಅವಳ ತಲೆಯ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಾಯಿತು. ಮೌಸಿನ ಟಕಟಕ ನಡೆದೇ ಇತ್ತು. ಆಮೇಲೆ ಅಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಅಮ್ಮ... ಒಂದು ಮಾತು ಹೇಳ್ಬೇಕಿತ್ತು."