ನಿನ್ನ ಬಾಡಿಗೆ ಬೇಡ

"ಬಾಡಿಗೆ ಚೆಕ್ ವಾಪಸ್ ಬಂದಿದೆ! ಏನ್ರೀ ಇದರ ಅರ್ಥ?"

ಬ್ಯೂಟಿ ಪಾರ್ಲರಿನ ಬಾಗಿಲು ದೂಡಿಕೊಂಡು ಬಂದ ಓನರಮ್ಮನ ಮಗ ಗುಡುಗಿದ.

ಪಾರ್ಲರ್ ನಡೆಸುವ ಅವಳಿಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದರೆ ಹಲ್ಲಿನಲ್ಲಿ ಹುಬ್ಬು ತೀಡುವ ದಾರ! ಕುರ್ಚಿಯಲ್ಲಿದ್ದ ವಕೀಲಮ್ಮನ ಒಂದು ಹುಬ್ಬು ಬಿಲ್ಲಾಗಿತ್ತು, ಇನ್ನೊಂದು ಪೊದೆಯಾಗಿಯೇ ಇತ್ತು.

ದಾರ ಉಗುಳಿ ಎಗರಿದಳು. "ಹೌದು, ಬ್ಯಾಂಕಿಗೆ ಹೇಳಿ ನಾನೇ ತಡೆದೆ! ಅಂಗಡಿ ಖಾಲಿ ಮಾಡು ಅಂತ ಅಮ್ಮನ ಕೈಲಿ ಹೇಳಿಸಿದ್ರಲ್ಲ, ಎದುರಿಗೆ ಬಂದು ಹೇಳೋ ಧೈರ್ಯ ಇರ್ಲಿಲ್ವಾ?"

"ನಾನಾ? ಖಾಲಿ ಮಾಡ್ಸೋದಾ?"

ಅವನ ಮುಖ ಬಿಳಿಚಿತು. ವರ್ಷದ ಬಾಡಿಗೆಗೆಲ್ಲ ಅವಳು ಮೊದಲೇ ಚೆಕ್ ಬರೆದುಕೊಟ್ಟಿದ್ದಳು. ಬಾಡಿಗೆ ಕೇಳಲು ಬರುವ ನೆಪವೂ ಇಲ್ಲದ ಬಡಪಾಯಿ, ಪಾರ್ಲರಿನ ಸರಿಯಾಗಿದ್ದ ನಲ್ಲಿಯನ್ನೇ ಪದೇ ಪದೇ ಬಿಚ್ಚಿ ಜೋಡಿಸುತ್ತಿದ್ದ. ಬಾಯಿ ಮಾತ್ರ ಬಿಚ್ಚಲಿಲ್ಲ, ದಡ್ಡ!

'ನನಗಾಗಿಯೇ ಬರ್ತಾನೆ ಅಂದ್ಕೊಂಡಿದ್ದೆಲ್ಲ ಸುಳ್ಳಾ...' ಅವಳ ಎದೆ ಚುರುಗುಟ್ಟಿತು.

"ತಂಗೀ," ವಕೀಲಮ್ಮ ಬಾಯಿ ಹಾಕಿದರು, "ಖಾತೇಲಿ ದುಡ್ಡಿದ್ರೂ, ನೀನೇ ಪಾವತಿ ನಿಲ್ಲಿಸಿದ್ರೂ ಬೌನ್ಸ್ ಬೌನ್ಸೇ. ಅಂಗಡೀಲಿ ಕೂತು ಬಾಡಿಗೆ ತಡೆದ್ರೆ ನೋಟಿಸ್ ಬರುತ್ತೆ. ಆಗ್ಲೂ ಕೊಡದಿದ್ರೆ ಕೇಸು, ದಂಡ... ಜೈಲೂ ಆಗ್ಬಹುದು. ಅಂಗಡೀನೂ ಹೋಗುತ್ತೆ."

ದಾರದುಂಡೆ ಕೈಜಾರಿತು. ಈ ಕುರ್ಚಿ, ಈ ಕನ್ನಡಿ... ಇದೇ ಅವಳ ಅನ್ನ!

"ನಾನಂತೂ ಕೇಸ್ ಹಾಕಲ್ಲ!" ಅವನು ಚೀರಿದ.

"ಚೆಕ್ ನಿಮ್ಮಮ್ಮನ ಹೆಸರಲ್ಲಿದೆಯಪ್ಪಾ. ಹಾಕೋದಾದ್ರೆ ಅವರು."

ಕೂಗಾಟ ಕೇಳಿ ಓನರಮ್ಮ ಮಹಡಿಯಿಂದ ಇಳಿದು ಬಂದರು. "ಏನ್ರೋ ಇದು ಗಲಾಟೆ?"

"ನೀವೇ ಅಂದ್ರಲ್ಲಮ್ಮಾ," ಅವಳು ಓನರಮ್ಮನತ್ತ ತಿರುಗಿದಳು, "ಮುಂದಿನ ತಿಂಗಳಿಂದ ನಿನ್ನ ಬಾಡಿಗೆ ಬೇಡ ಅಂತ! ಅದಕ್ಕೇ ಸಿಟ್ಟಲ್ಲಿ ಈ ತಿಂಗಳದ್ದೂ ತಡೆದೆ."

"ಅಯ್ಯೋ ಪೆದ್ದಿ! ಸೊಸೆ ಹತ್ರ ಯಾರಾದ್ರೂ ಬಾಡಿಗೆ ಇಸ್ಕೋತಾರಾ? ಇವನು ಕೇಳಿದಾನೆ, ನೀನು ಒಪ್ಪಿದೀಯ ಅಂದ್ಕೊಂಡಿದ್ದೆ! ಏನೋ, ಕೇಳಿಲ್ವಾ?"

"ಇನ್ನೂ... ಇಲ್ಲಮ್ಮ."

"ಮತ್ತೆ ದಿನಾ ಇಲ್ಲೇನು ಮಾಡ್ತಿದ್ದೆ?"

"ನಲ್ಲಿ... ರಿಪೇರಿ."

"ಬೇಗ ಕೇಳಪ್ಪಾ," ವಕೀಲಮ್ಮ ರೇಗಿದರು, "ಒಂದೇ ಹುಬ್ಬಲ್ಲಿ ಕೋರ್ಟಿಗೆ ಹೋಗ್ಲಾ?"

ಅವನು ಅವಳೆದುರು ನಿಂತ. ಗುಡುಗಿದ ದನಿ ಎಲ್ಲಿ ಹೋಯಿತೋ! "ನೀವಂದ್ರೆ ನಂಗೆ... ತುಂಬಾ ಇಷ್ಟ ಕಣ್ರೀ. ಮದುವೆಯಾಗ್ತೀರಾ?"

ಅವಳು ಕಣ್ಣೊರೆಸಿಕೊಂಡಳು. "ಈ ತಿಂಗಳ ಬಾಡಿಗೆ ಇವತ್ತೇ ಕೊಡ್ತೀನಿ."

"ಆಮೇಲೆ?"

"ಆಮೇಲೆ ಆ ನಲ್ಲಿ ಮುಟ್ಬೇಡಿ. ನೀವು ಮುಟ್ಟಿದಾಗಿಂದ ಸೋರ್ತಿದೆ. ಸುಮ್ನೆ ಬನ್ನಿ... ನೆಪ ಯಾಕೆ?"

"ಹಾಗಾದ್ರೆ... ನಾಳೆ ಬರ್ಲಾ?"

ಅವಳು ದಾರ ಎತ್ತಿ ಹಲ್ಲಲ್ಲಿ ಕಚ್ಚುವ ಮೊದಲು ನಕ್ಕಳು.

"ನಾಳೆ ಯಾಕೆ? ಇವರ ಹುಬ್ಬು ಮುಗಿಯೋವರೆಗೂ ಅಲ್ಲೇ ಕೂತ್ಕೊಳ್ಳಿ."